ಉತ್ತರ ಯಾವಾಗ ಹೇಳ್ತೀಯಮ್ಮ?

ಸಂಪಾದಕರಿಗೆ ನಮಸ್ಕಾರ.

ಹಲಸಿನ ಹಪ್ಪಳ ಒಣಗಲು ಹಾಕಿ, ಕೋಲು ಹಿಡಿದು ಕಾಗೆ ಓಡಿಸುತ್ತ ಅಂಗಳದಲ್ಲಿ ಕೂತಿದ್ದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಉಣುಗೋಲಿನ ಹತ್ತಿರ ಒಂದು ಸ್ಕೂಟಿ ಬಂದು ನಿಂತಿತು. ಎಂ.ಎಸ್ಸಿ. ನರ್ಸಿಂಗ್ ಓದುವ ಹುಡುಗಿ. ಊರು ಶಿವಮೊಗ್ಗ, ಅಜ್ಜಿ ಮನೆ ಇಲ್ಲೇ ತೀರ್ಥಹಳ್ಳಿ ಪೇಟೆಯಲ್ಲಿ. ಕೈಯಲ್ಲಿ ದಪ್ಪ ಫೈಲು. "ಆಂಟಿ, ಹತ್ತೇ ನಿಮಿಷ. ಒಂದು ಪ್ರಶ್ನಾವಳಿ ತುಂಬಿಕೊಡಿ" ಅಂದಳು.

ನಾನು 31 ವರ್ಷ ಸರ್ಕಾರಿ ಕೆಲಸದಲ್ಲಿದ್ದ ಸಿಸ್ಟರ್. ಈಗ ಹೆಸರು ಬದಲಾಗಿ ನರ್ಸಿಂಗ್ ಆಫೀಸರ್ ಆಗಿದೆ. ಕಾಗದದಲ್ಲಿ ಹಾಗೆ, ರೋಗಿಗಳ ಬಾಯಲ್ಲಿ ಮಾತ್ರ ಇನ್ನೂ ಸಿಸ್ಟರ್ರೇ. ನಿವೃತ್ತಿಯಾದವರನ್ನೂ ಕೇಳಬೇಕು ಅಂತ ಅವಳ ಗೈಡ್ ಹೇಳಿದ್ದರಂತೆ. ಕೆಲಸದಲ್ಲಿರುವವರು ನಿಜ ಹೇಳುವುದಿಲ್ಲವಲ್ಲ, ಅದಕ್ಕೆ. ಆ ಗೈಡ್ ಯಾರೋ ಗೊತ್ತಿಲ್ಲ, ಬುದ್ಧಿವಂತರು.

36 ಪ್ರಶ್ನೆ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕಿ. ಒಂದು ಅಂದರೆ ತೀರಾ ಕಡಿಮೆ, ಐದು ಅಂದರೆ ಬಹಳ. ಯಾವುದಾದರೊಂದು ಅಂಕಿಗೆ ಟಿಕ್ ಹಾಕಬೇಕು. ಮೊದಲನೆಯದೇ ಹೀಗಿತ್ತು: "ತಮ್ಮ ಕಾರ್ಯಸ್ಥಳದಲ್ಲಿ ತಾವು ಅನುಭವಿಸುವ ಮಾನಸಿಕ ಸುರಕ್ಷತೆಯ ಗ್ರಹಿಕೆಯ ಪ್ರಮಾಣವೆಷ್ಟು?" ನಾನು ಎರಡು ಸಲ ಓದಿದೆ. "ಇದು ಎಂತ ಮಾರಾಯ್ತಿ?" ಅಂತ ಕೇಳಿದೆ. ಅವಳಿಗೂ ನಗು ಬಂತು. "ತಪ್ಪಾದರೆ ಬೈಸಿಕೊಳ್ಳದೆ ಹೇಳಬಹುದಿತ್ತಾ ಅಂತ ಆಂಟಿ." ಹಾಗೇ ಕೇಳಬಹುದಿತ್ತಲ್ವಾ?

ತುಂಬಿದೆ. ಕೊನೆಗೆ ಫೈಲು ವಾಪಸ್ ಕೊಡುತ್ತ "ಉತ್ತರ ಯಾವಾಗ ಹೇಳ್ತೀಯಮ್ಮ?" ಅಂದೆ.

ಅವಳಿಗೆ ಅರ್ಥ ಆಗಲಿಲ್ಲ. "ಉತ್ತರ ನೀವೇ ಕೊಟ್ರಲ್ಲ ಆಂಟಿ."

"ಅದಲ್ಲ. ನನ್ನ ಹಾಗೆ ನೂರಾರು ಜನರನ್ನು ಕೇಳ್ತೀಯಲ್ಲ. ಎಲ್ಲ ಕೂಡಿಸಿದ ಮೇಲೆ ಏನು ಗೊತ್ತಾಯ್ತು ಅಂತ ನಮಗೆ ಯಾವಾಗ ಹೇಳ್ತೀಯ?"

"ಅದು ಥೀಸಿಸ್‌ನಲ್ಲಿರುತ್ತೆ. ಕಾಲೇಜು ಲೈಬ್ರರಿಯಲ್ಲಿ ಇಡ್ತಾರೆ. ಆಮೇಲೆ ಜರ್ನಲ್‌ನಲ್ಲಿ ಬರುತ್ತೆ." ಸ್ವಲ್ಪ ತಡೆದು, "ಇಂಗ್ಲಿಷಿನಲ್ಲಿ" ಅಂತ ಸೇರಿಸಿದಳು.

ಈ ಪತ್ರ ಅದರ ಬಗ್ಗೆಯೇ. ಹುಡುಗಿಯ ಮೇಲೆ ದೂರಲ್ಲ. ಅವಳು ನನ್ನ ಜೊತೆ ಕೂತು ಹಪ್ಪಳ ಕೂಡ ತಿರುವಿ ಹಾಕಿದಳು.

ನನ್ನ ಸರ್ವೀಸಿನಲ್ಲಿ ಇಂಥ ಪ್ರಶ್ನಾವಳಿ ನಾಲ್ಕು ಬಂದಿದ್ದವು. ಒಂದು ರಾತ್ರಿ ಪಾಳಿಯ ನಿದ್ದೆ ಬಗ್ಗೆ, ಒಂದು ಕೈ ತೊಳೆಯುವ ಬಗ್ಗೆ, ಎರಡು 'ಉದ್ಯೋಗ ತೃಪ್ತಿ' ಬಗ್ಗೆ. ತೃಪ್ತಿಯದನ್ನು ತುಂಬುವಾಗ ಇನ್‌ಚಾರ್ಜ್ ಸಿಸ್ಟರ್ ಮೇಜಿನ ಪಕ್ಕದಲ್ಲೇ ನಿಂತಿದ್ದರು. ನಾನು ಸಾಲಾಗಿ ಐದು, ಐದು, ಐದು ಅಂತ ಟಿಕ್ ಹಾಕಿ ಕೊಟ್ಟೆ. ಪಕ್ಕದವಳೂ ಹಾಗೇ ಮಾಡಿದಳು. ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಬಹಳ ತೃಪ್ತರು ಅಂತ ಎಲ್ಲೋ ಒಂದು ಕಡೆ ಅಚ್ಚಾಗಿರಬೇಕು. ಅದನ್ನು ನಂಬಿ ಯಾರಾದರೂ ಏನಾದರೂ ಯೋಜನೆ ಮಾಡಿದ್ದರೆ ಅದರಲ್ಲಿ ನನ್ನದೂ ಒಂದು ಪಾಲು ಪಾಪ ಇದೆ. ಆದರೆ ಅಂದು ಆ ಪ್ರಶ್ನಾವಳಿ ತಂದ ಹುಡುಗಿ ತಿರುಗಿ ಬಂದು "ಸಿಸ್ಟರ್, ನೀವೆಲ್ಲ ತೃಪ್ತರಂತೆ" ಅಂತ ಡ್ಯೂಟಿ ರೂಮಿನಲ್ಲಿ ಓದಿ ಹೇಳಿದ್ದರೆ ಆಗ ನಾವು ನಕ್ಕುಬಿಡುತ್ತಿದ್ದೆವು. ಆ ನಗುವಿನಿಂದಲೇ ಅವಳಿಗೆ ನಿಜ ಸಿಗುತ್ತಿತ್ತು.

ಈ ಸಲ ನಿಜವನ್ನೇ ಬರೆದೆ. ಮೊದಲನೇ ಪ್ರಶ್ನೆಗೆ ಒಂದು. ಯಾಕೆ ಅಂತಲೂ ಹೇಳಿದೆ.

2011ರ ಮಳೆಗಾಲ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ನನ್ನ ಕೈಕೆಳಗೆ ಕಲಿತವರು ಅಲ್ಲಿ ಇನ್ನೂ ಇದ್ದಾರೆ. ರಾತ್ರಿ ಪಾಳಿಗೆ ನಾವು ಇಬ್ಬರು, ರೋಗಿಗಳು ನಲವತ್ತರ ಮೇಲೆ. ಒಬ್ಬ ಅಜ್ಜನಿಗೆ ರಾತ್ರಿ ಇನ್ಸುಲಿನ್ 20 ಯೂನಿಟ್ ಕೊಡಬೇಕಿತ್ತು. ಮನೆಯವರು ಹೊರಗಿನಿಂದ ತಂದ ಬಾಟಲಿ, ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವಂಥದ್ದು. ವಾರ್ಡಿನ ಡಬ್ಬಿಯಿಂದ ನನ್ನ ಕೈಗೆ ಸಿಕ್ಕ ಸಿರಿಂಜು ಕೆಂಪು ಮುಚ್ಚಳದ್ದು, ಮಿಲಿಲೀಟರಿಗೆ 40 ಯೂನಿಟ್ ಲೆಕ್ಕದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ. 40ರ ಬಾಟಲಿಯಾದರೆ ಅದು ಸರಿಯಾಗಿ 20 ಯೂನಿಟ್. 100ರ ಬಾಟಲಿಯಾದರೆ 50. ಎರಡೂವರೆ ಪಟ್ಟು. 100ರದ್ದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ಎರಡು ಬಗೆಯ ಬಾಟಲಿಯಲ್ಲೂ ನೀರಿನಂಥದೇ ಔಷಧಿ. ಮಂದ ಬೆಳಕು. ಎಳೆದೆ, ಕೊಟ್ಟೆ.

ಬೆಳಗಿನ ಜಾವ ಮೂರೂವರೆಗೆ ಅಜ್ಜನ ಹೊದಿಕೆ ಬೆವರಿನಲ್ಲಿ ತೊಯ್ದಿತ್ತು. ಕರೆದರೆ ಏನೇನೋ ಮಾತಾಡುತ್ತಾರೆ. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ತೀರಾ ಇಳಿದು 42. ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಕೊಟ್ಟೆವು. ಅಜ್ಜ ಕಣ್ಣು ಬಿಟ್ಟು "ಮಗಾ, ಮಳೆ ನಿಂತಿತಾ?" ಅಂದರು. ನಾನು ಗೋಡೆಗೆ ಒರಗಿಬಿಟ್ಟೆ. ಆಮೇಲೆ ಬೆಳಗಾಗುವ ತನಕ ಗಂಟೆಗೊಮ್ಮೆ ಅವರ ಬೆರಳು ಚುಚ್ಚಿದೆ. ಆ ಇನ್ಸುಲಿನ್‌ನ ಪ್ರಭಾವ ಬೇಗ ಇಳಿಯುವಂಥದ್ದಲ್ಲ.

ಬೆಳಗ್ಗೆ ಮುಂದಿನ ಪಾಳಿಯವರಿಗೆ ವಾರ್ಡು ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಾನೇ ಹೇಳಿದೆ. ಬಾಟಲಿ ಮತ್ತು ಸಿರಿಂಜು ಎರಡನ್ನೂ ಟ್ರೇಯಲ್ಲಿಟ್ಟು ತೋರಿಸಿದೆ. ಇನ್ನೊಬ್ಬರು ಹೀಗೆ ಮಾಡಬಾರದಲ್ಲ. ಮೂರನೇ ದಿನ ಮೆಮೊ ಬಂತು. 'ಕರ್ತವ್ಯಲೋಪ'. ಎಲ್ಲರೆದುರು ಓದಿದರು. ಆ ವಾರ್ಡಿನಲ್ಲಿ ತಪ್ಪುಗಳನ್ನು ಬರೆಯುವ ಒಂದು ರಿಜಿಸ್ಟರ್ ಇತ್ತು. ನನ್ನದಾದ ಮೇಲೆ ಎರಡು ವರ್ಷ ಅದರಲ್ಲಿ ಒಂದಕ್ಷರ ಬೀಳಲಿಲ್ಲ. ತಿಂಗಳ ವರದಿಗೆ 'ಶೂನ್ಯ' ಅಂತ ಬರೆದು ಕಳಿಸುತ್ತಿದ್ದೆವು. ಮೇಲಿನವರಿಗೆ ಸಂತೋಷ. ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ ಮಾತ್ರ ಒಂದೇ ಡಬ್ಬಿಯಲ್ಲೇ ಇದ್ದವು.

ಇದನ್ನು ಹೇಳಿದ ಮೇಲೆ ಹುಡುಗಿ ಪೆನ್ನು ಕೆಳಗಿಟ್ಟಳು. "ಆಂಟಿ, ನನ್ನ ಪ್ರಶ್ನಾವಳಿ ಹುಟ್ಟಿದ್ದೇ ಇಲ್ಲಿಂದ" ಅಂತ ಒಂದು ಕತೆ ಹೇಳಿದಳು. ಅಮೆರಿಕದ ಏಮಿ ಎಡ್ಮಂಡ್‌ಸನ್ ಅನ್ನುವವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರಂತೆ. ಒಳ್ಳೆಯ ತಂಡವಿದ್ದ ಕಡೆ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಎಣಿಕೆ. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡದಲ್ಲೇ ತಪ್ಪಿನ ಲೆಕ್ಕ ಜಾಸ್ತಿ. ಆಮೇಲೆ ಹೊಳೆಯಿತು, ಅವರು ತಪ್ಪನ್ನು ಜಾಸ್ತಿ ಮಾಡುತ್ತಿರಲಿಲ್ಲ, ಬಾಯಿ ಬಿಟ್ಟು ಜಾಸ್ತಿ ಹೇಳುತ್ತಿದ್ದರು. 1999ರಲ್ಲಿ ಅವರು ಬರೆದ ಲೇಖನದಿಂದಲೇ ಆ 'ಮಾನಸಿಕ ಸುರಕ್ಷತೆ' ಅನ್ನುವ ಮಾತು ಎಲ್ಲ ಕಡೆ ಓಡಾಡಿದ್ದು. ಇನ್ನೊಂದೂ ಹೇಳಿದಳು. ಇಸ್ರೇಲಿನಲ್ಲಿ ನವಜಾತ ಶಿಶುಗಳ ವಾರ್ಡಿನ 24 ತಂಡಗಳಿಗೆ ಒಂದು ಗೊಂಬೆ ಮಗುವನ್ನು ಕೊಟ್ಟು ಚಿಕಿತ್ಸೆ ಮಾಡಿಸಿದರಂತೆ. ಕೆಲವು ತಂಡಗಳಿಗೆ ಮಾತ್ರ ಹೊರಗಿನಿಂದ ಬಂದ ತಜ್ಞರೊಬ್ಬರು ಮೊದಲೇ ಹೀಯಾಳಿಸಿ ಮಾತಾಡಿದರು. ಆ ತಂಡಗಳು ರೋಗ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ. 2015ರಲ್ಲಿ ಪ್ರಕಟವಾದದ್ದು. ಬೈಗುಳ ತಿಂದ ಕೈ ನಡುಗುತ್ತದೆ ಅಂತ ನಮಗೆ ಗೊತ್ತಿತ್ತು. ಅದನ್ನು ಅಳೆದು ತೋರಿಸಿದ್ದಾರೆ ಅಂತ ಗೊತ್ತಿರಲಿಲ್ಲ.

ಸಂಪಾದಕರೇ, ಆ ರಿಜಿಸ್ಟರ್ ಖಾಲಿಯಾಗಿದ್ದ ಎರಡು ವರ್ಷದಲ್ಲಿ ಈ ಮೊದಲ ಕತೆಗೆ ಆಗಲೇ ಹನ್ನೆರಡು ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು. ಅದನ್ನು ಯಾರಾದರೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿದ್ದರೆ ಮೆಮೊ ಬರೆದವರು ಬೇರೆ ಥರ ಬರೆಯುತ್ತಿದ್ದರೋ ಏನೋ.

ಈಗ ಹೊಗೆಸೊಪ್ಪಿನ ವಿಷಯ. ಆಸ್ಪತ್ರೆಯ ಪತ್ರದಲ್ಲಿ ಹೊಗೆಸೊಪ್ಪು ಯಾಕೆ ಬಂತು ಅನ್ನಬೇಡಿ. ಹುಡುಗಿ ತನ್ನ ಫೋನಿನಲ್ಲಿ ತಾನು ಮೊದಲು ಹೇಳಿದ ಆ ಜರ್ನಲ್‌ನ ಒಂದು ಸಂಚಿಕೆ ತೋರಿಸಿದಳು. ಒಂದೇ ಸಂಚಿಕೆಯಲ್ಲಿ ಆಸ್ಪತ್ರೆಯ ಆರೈಕೆ, ಅದರ ಕೆಳಗೆ ಕಚೇರಿಯಲ್ಲಿ ನೌಕರರ ನಡವಳಿಕೆ, ಅದರ ಕೆಳಗೆ ತಂಬಾಕು ಗಿಡದ ಬೇರಿಗೆ ಗಂಟು ಕಟ್ಟಿಸುವ ಹುಳ. "ಎಂಥ ಕಲಸುಮೇಲೋಗರ ನೋಡಿ ಆಂಟಿ" ಅಂತ ನಕ್ಕಳು. ನಾನು ನಗಲಿಲ್ಲ. ಅದು ನನ್ನ ಜಾತಕದ ಹಾಗೇ ಇತ್ತು.

ನನ್ನ ತವರು ಪಿರಿಯಾಪಟ್ಟಣದ ಕಡೆ. ಅಪ್ಪನಿಗೆ ಒಂದು ಬ್ಯಾರನ್, ಅಂದರೆ ಹೊಗೆಸೊಪ್ಪು ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆ ಇತ್ತು. ಹದ ಹಾಕಿದರೆ ಐದಾರು ದಿನ ಬೆಂಕಿ ಆರುವ ಹಾಗಿಲ್ಲ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಕಾವು 95 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಮೆಲ್ಲಗೆ 160ರವರೆಗೆ ಏರಬೇಕು. ಅವಸರ ಮಾಡಿದರೆ ಎಲೆ ಕಪ್ಪು, ಹರಾಜಿನಲ್ಲಿ ಕೇಳುವವರಿಲ್ಲ. ಅಪ್ಪ ಸೌದೆ ಒಟ್ಟುತ್ತ, ಥರ್ಮಾಮೀಟರ್ ನೋಡುತ್ತ ರಾತ್ರಿಯಿಡೀ ಎದ್ದಿರುತ್ತಿದ್ದರು. ನೈಟ್ ಡ್ಯೂಟಿ ನನಗೆ ರಕ್ತದಲ್ಲೇ ಬಂದದ್ದು.

ನಾವು ಮಕ್ಕಳು ಎಲೆ ಮುರಿಯಲು ಹೋಗುತ್ತಿದ್ದೆವು. ಶಾಲೆಗೆ ಮೊದಲು, ಬೆಳಗ್ಗೆ, ಎಲೆ ಮೇಲೆ ಮಳೆ ನೀರು ಇರುವಾಗಲೇ. ಬುಡದಿಂದ ಎರಡು ಮೂರು ಎಲೆ ಮುರಿದು ಕಂಕುಳಲ್ಲಿ ಅವುಚಿಕೊಳ್ಳಬೇಕು. ಲಂಗ ರವಿಕೆ ಪೂರ್ತಿ ಒದ್ದೆ. ಕೈಗೆ ಹಸಿರು ಅಂಟು ಹತ್ತಿ, ಒಣಗಿ ಕಪ್ಪಾಗುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಊಟದ ತುತ್ತಿನಲ್ಲಿ ಕಹಿ. ಹನ್ನೊಂದರ ಹೊತ್ತಿಗೆ ತಲೆ ಗಿರ್ರೆನ್ನುತ್ತಿತ್ತು. ವಾಂತಿ. ಕ್ಲಾಸಿನಲ್ಲಿ ಹಲಗೆ ಎರಡೆರಡು ಕಾಣುತ್ತಿತ್ತು. ಅಜ್ಜಿ "ಪಿತ್ತ ಕೆದರಿದೆ" ಅಂತ ಜೀರಿಗೆ ಕಷಾಯ ಕೊಡುತ್ತಿದ್ದರು. ಅಮ್ಮನಿಗೂ ಆಗುತ್ತಿತ್ತು. ಕೂಲಿಯ ಹೆಂಗಸರಿಗೂ ಆಗುತ್ತಿತ್ತು. ಆ ಹೆಂಗಸರಿಗೆಲ್ಲ ಒಟ್ಟಿಗೆ ಪಿತ್ತ ಕೆದರುವುದು ಹೇಗೆ ಅಂತ ಯಾರೂ ಕೇಳಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ನನಗೆ ಐವತ್ತು ದಾಟಿದ ಮೇಲೆ, ವಿಷಪ್ರಾಶನದ ಬಗ್ಗೆ ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋದಾಗ. ಒದ್ದೆ ಎಲೆಯಿಂದ ನಿಕೋಟಿನ್ ನೀರಿಗೆ ಇಳಿಯುತ್ತದೆ, ನೀರಿನಿಂದ ಚರ್ಮಕ್ಕೆ, ಚರ್ಮದಿಂದ ರಕ್ತಕ್ಕೆ. ಬೀಡಿ ಮುಟ್ಟದ ಮಗುವಿಗೂ ನಿಕೋಟಿನ್ ಏರುತ್ತದೆ. ವಾಂತಿ, ತಲೆಸುತ್ತು, ತಲೆನೋವು. ಇದಕ್ಕೆ 'ಹಸಿ ತಂಬಾಕು ಕಾಯಿಲೆ' ಅಂತ ಹೆಸರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ಹೊಗೆಸೊಪ್ಪಿನ ಕೂಲಿಯವರ ಮೇಲೆ 1970ರ ದಶಕದ ಕೊನೆಯಲ್ಲೇ ಅಧ್ಯಯನ ಮಾಡಿದ್ದರು. ಆಮೇಲೆ ಕೈಗವಸು ಹಾಕಿಸಿ ನೋಡಿ, ಅದರಿಂದ ಉಪಯೋಗ ಇದೆ ಅಂತಲೂ ಬರೆದರು. ಅಂದರೆ ನಾನು ಎಲೆ ಮುರಿಯುತ್ತಿದ್ದ ಕಾಲಕ್ಕೇ ಹೆಚ್ಚುಕಮ್ಮಿ. ಆ ತರಬೇತಿಯ ಹಾಲಿನಲ್ಲಿ ಕೂತು ನನಗೆ ಅಮ್ಮನ ಮುಖ ಕಂಡಿತು. ಆಗ ಅವಳು ಹೋಗಿ ನಾಲ್ಕು ವರ್ಷ ಆಗಿತ್ತು. ಬದುಕಿನ ಕೊನೆವರೆಗೂ ತನ್ನದು ಪಿತ್ತದ ಶರೀರ ಅಂತಲೇ ನಂಬಿದ್ದಳು.

ಹಾಗಂತ ಏನೂ ಬರಲೇ ಇಲ್ಲ ಅನ್ನುವ ಹಾಗಿಲ್ಲ. ಗಿಡಕ್ಕೆ ಬೇಕಾದ್ದು ಬರುತ್ತಿತ್ತು! ಹುಣಸೂರಿನ ಸಂಶೋಧನಾ ಕೇಂದ್ರದ ಕಡೆಯವರು ಸಸಿಮಡಿ ಹಾಕುವ ಕಾಲಕ್ಕೆ ಊರಿಗೆ ಬಂದು ಹೇಳುತ್ತಿದ್ದರು. ಸಸಿ ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಮಡಿಯಲ್ಲಿ ಬೀಡಿ ಸೇದಬೇಡಿ, ಹೊಗೆಸೊಪ್ಪು ಜಗಿಯಬೇಡಿ. ಯಾಕೆಂದರೆ ಮೊಸಾಯಿಕ್ ಅನ್ನುವ ನಂಜು ರೋಗ ಕೈಯಿಂದಲೇ ಹರಡುತ್ತದೆ. ಬೀಡಿಯೊಳಗಿನ ಒಣ ಸೊಪ್ಪಿನಲ್ಲೂ ಅದು ಬದುಕಿರುತ್ತದೆ. ಕೈಯನ್ನು ಹಾಲಿನಲ್ಲಿ ಅದ್ದಿಕೊಂಡರೆ ಇನ್ನೂ ಒಳ್ಳೆಯದು ಅಂದಾಗ ಅಪ್ಪ "ಮಕ್ಕಳಿಗೆ ಕಾಫಿಗೇ ಹಾಲಿಲ್ಲ, ಗಿಡಕ್ಕೆ ಹಾಲಂತೆ" ಅಂತ ನಕ್ಕಿದ್ದರು. ಆದರೆ ಕೈ ತೊಳೆದರು. ಮಡಿಯ ಪಕ್ಕ ಒಂದು ತಂಬಿಗೆ, ಒಂದು ಸೋಪಿನ ತುಂಡು ಯಾವಾಗಲೂ ಇರುತ್ತಿತ್ತು. ನಾನು ಆಸ್ಪತ್ರೆಗೆ ಸೇರುವ ಎಷ್ಟೋ ಮೊದಲೇ ಕೈ ತೊಳೆಯುವ ಪಾಠ ಆಗಿದ್ದು ಹೊಗೆಸೊಪ್ಪಿನ ಮಡಿಯಲ್ಲಿ.

ಈ ನಂಜಿನ ಕತೆ ದೊಡ್ಡದು. ಜಗತ್ತಿನಲ್ಲಿ ಮೊಟ್ಟಮೊದಲು ಗುರುತಿಸಿದ ವೈರಸ್ಸೇ ಇದು. ರಷ್ಯಾದ ಇವಾನೊವ್‌ಸ್ಕಿ 1892ರಲ್ಲಿ ರೋಗ ಬಂದ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟದ ಸೋಸುಕದಲ್ಲಿ ಸೋಸಿದರು. ಆದರೂ ಆ ರಸ ರೋಗ ಹತ್ತಿಸಿತು. ಕೊರೊನಾ ಕಾಲದಲ್ಲಿ ನಾವು ದಿನಕ್ಕೆ ಐವತ್ತು ಸಲ ಆಡಿದ ಆ ಪದಕ್ಕೆ ದಾರಿ ಶುರುವಾದದ್ದು ಒಂದು ಹೊಗೆಸೊಪ್ಪಿನ ಎಲೆಯಿಂದ. ಆ ಜರ್ನಲ್ ಕಲಸುಮೇಲೋಗರವಂತೆ!

ಕೈ ತೊಳೆಯಿರಿ ಅಂತ ಗಿಡದ ಸಲುವಾಗಿ ಊರಿಗೆ ಬಂದು ಹೇಳಿದರು. ಕೈಗವಸು ಹಾಕಿ ಅಂತ ಎಲೆ ಮುರಿಯುವ ಹೆಂಗಸಿಗೆ ಹೇಳಲು ಯಾರೂ ಬರಲಿಲ್ಲ. ಗಿಡಕ್ಕೆ ಹರಾಜಿದೆ, ಅದಕ್ಕೆ ಇರಬೇಕು.

ನಾನು ಈ ಮಾತು ಎತ್ತಿದರೆ ಮನೆಯವರು "ಈ ವಿಜ್ಞಾನ ಎಲ್ಲ ಜನರಿಗೆ ಅರ್ಥ ಆಗಲ್ಲ ಕಣೆ" ಅನ್ನುತ್ತಾರೆ. ಸುಮ್ನೆ ಮಾತು. ನಮ್ಮ ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು ಬರುವ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನಿಗೆ ಸಹಿ ಹಾಕಲು ಬರುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅವನು ಮಾಡುವುದನ್ನು ನೋಡಬೇಕು. ಒಂದು ಕೆ.ಜಿ. ಮೈಲುತುತ್ತ ಒಂದು ಕಡೆ, ಒಂದು ಕೆ.ಜಿ. ಸುಣ್ಣ ಇನ್ನೊಂದು ಕಡೆ, ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿದು ಒಟ್ಟು ನೂರು ಲೀಟರ್. ಆಮೇಲೆ ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದುತ್ತಾನೆ. ಬಿಸಿಲಿಗೆ ಹಿಡಿದು ನೋಡುತ್ತಾನೆ. ಕತ್ತಿಗೆ ಕೆಂಪು ಹತ್ತಿದರೆ "ಸುಣ್ಣ ಸಾಲ್ದು ಅಮ್ಮ" ಅನ್ನುತ್ತಾನೆ. ಹತ್ತದಿದ್ದರೆ ಮರ ಹತ್ತುತ್ತಾನೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗದ ಮೇಲೆ ಕೆಲಸ ಮಾಡಿ, ಈ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಅದಕ್ಕೆ ಮೊದಲು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುವುದೊಂದೇ ದಾರಿ. ಕೋಲ್ಮನ್ ತನ್ನ ವರದಿಯನ್ನು ಕಪಾಟಿನಲ್ಲಿಟ್ಟು ಊರಿಗೆ ಹೋಗಿದ್ದರೆ ನಮ್ಮ ಕೊನೆಗಾರನ ಕತ್ತಿಗೆ ಈ ವಿದ್ಯೆ ಬರುತ್ತಿತ್ತಾ? ನೂರು ವರ್ಷ ದಾಟಿತು, ಇನ್ನೂ ಮರೆತಿಲ್ಲ.

ಕೇಳಿ ಕೇಳಿ ಸುಸ್ತಾದವರು ಅಂದರೆ ಮಲೆನಾಡಿನವರೇ ಇರಬೇಕು. ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಜನ ರಕ್ತ ಕೊಟ್ಟಿದ್ದಾರೆ, ಸತ್ತ ಮಂಗ ತೋರಿಸಿದ್ದಾರೆ, ರೋಗ ಹರಡುವ ಉಣುಗು ಹಿಡಿದು ಕೊಟ್ಟಿದ್ದಾರೆ, ಸೂಜಿ ಚುಚ್ಚಿಸಿಕೊಂಡಿದ್ದಾರೆ. ನಾನು ಲಸಿಕೆಯ ಕ್ಯಾಂಪಿಗೆ ಹೋಗುತ್ತಿದ್ದಾಗ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಬಹಳ ನೋಯುವ ಸೂಜಿ ಅದು, ತೋಳು ಎತ್ತಲು ಆಗದು. ಸಾಗರದ ಕಡೆ ಒಬ್ಬ ಹಿರಿಯರು ಅಂಗಿ ತೋಳು ಮಡಿಸುತ್ತ ಕೇಳಿದ್ದರು: "ಸಿಸ್ಟರೇ, ಪ್ರತಿ ವರ್ಷ ಬರ್ತೀರಿ, ಚುಚ್ತೀರಿ, ಬರ್ಕೋತೀರಿ. ಬರ್ಕೊಂಡಿದ್ರಲ್ಲಿ ಎಂತ ಕಂಡಿತು ಅಂತ ಒಂದು ಸಲನಾದ್ರೂ ಹೇಳ್ತೀರನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಿ ಒತ್ತಿಹಿಡಿಯಿರಿ ಅಂತ ಹೇಳಿ ಮುಂದಿನವರನ್ನು ಕರೆದೆ. ಮೊನ್ನೆ ಆ ಹುಡುಗಿಯನ್ನು ಕೇಳಿದ್ದು ನನ್ನ ಪ್ರಶ್ನೆ ಅಲ್ಲ, ಅವರದು.

ಇದು ನನ್ನೊಬ್ಬಳ ಹಟ ಅಂತ ತಿಳಿಯಬೇಡಿ. ಮನುಷ್ಯರ ಮೇಲೆ ವೈದ್ಯಕೀಯ ಸಂಶೋಧನೆ ಮಾಡುವವರಿಗೆ 1964ರಿಂದ ಹೆಲ್ಸಿಂಕಿ ಘೋಷಣೆ ಅಂತ ಒಂದು ನೀತಿ ಇದೆ. ಭಾಗವಹಿಸಿದವರಿಗೆ ಒಟ್ಟು ಫಲಿತಾಂಶ ತಿಳಿಯುವ ಅವಕಾಶ ಕೊಡಬೇಕು ಅಂತ 2013ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ಪ್ರಶ್ನಾವಳಿಗೆ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ 'ನಿಮ್ಮ ಹೆಸರು ಗುಟ್ಟಾಗಿರುತ್ತದೆ' ಅಂತ ಇರುತ್ತದೆ. ಸಂತೋಷ. ಫಲಿತಾಂಶವೂ ಗುಟ್ಟಾಗಿಯೇ ಉಳಿಯುತ್ತದೆ, ಅದು ಬೇಡ.

ಶಿವಮೊಗ್ಗದಲ್ಲಿ ಮೆಡಿಕಲ್ ಕಾಲೇಜಿದೆ, ನರ್ಸಿಂಗ್ ಕಾಲೇಜುಗಳಿವೆ, ಕುವೆಂಪು ವಿಶ್ವವಿದ್ಯಾಲಯ ಇದೆ, ಕೃಷಿ ಮತ್ತು ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ ಇದೆ. ಪ್ರತಿ ವರ್ಷ ಎಷ್ಟು ಮಕ್ಕಳು ಫೈಲು ಹಿಡಿದು ನಮ್ಮ ವಾರ್ಡಿಗೆ, ತೋಟಕ್ಕೆ, ಅಂಗಳಕ್ಕೆ ಬರುತ್ತಾರೆ! ಅವರಿಂದ ನಾನು ಕೇಳುವುದು ಒಂದು ಹಾಳೆ. ಕನ್ನಡದಲ್ಲಿ. ಏನು ಕೇಳಿದೆವು, ಏನು ಕಂಡಿತು, ನೀವು ನಾಳೆ ಬೆಳಗ್ಗೆ ಏನು ಬೇರೆ ಮಾಡಬಹುದು. ಏನೂ ಕಾಣಲಿಲ್ಲ ಅಂದರೆ ಅದನ್ನೇ ಬರೆಯಲಿ. ಅದನ್ನು ಕೇಳಿದ ಜಾಗದಲ್ಲೇ ಅಂಟಿಸಲಿ. ಆಸ್ಪತ್ರೆಯಾದರೆ ಡ್ಯೂಟಿ ರೂಮು, ಹಳ್ಳಿಯಾದರೆ ಹಾಲಿನ ಡೇರಿ, ಸೊಸೈಟಿ. ಆ ಹಾಳೆ ಅಂಟಿಸಿದ ಫೋಟೊ ಇಲ್ಲದೆ ಥೀಸಿಸ್ ತೆಗೆದುಕೊಳ್ಳುವುದಿಲ್ಲ ಅಂತ ಗೈಡುಗಳು ಹೇಳಿದರೆ ಸಾಕು, ಮಕ್ಕಳು ಮಾಡುತ್ತಾರೆ. ಬೈಂಡಿಂಗಿಗೆ ಅಷ್ಟು ದುಡ್ಡು ಹಾಕುತ್ತಾರೆ, ಚಿನ್ನದ ಅಕ್ಷರ ಬೇರೆ. ಒಂದು ಹಾಳೆಯ ಜೆರಾಕ್ಸಿಗೆ ಎಷ್ಟಾಗುತ್ತದೆ?

ನಿಮ್ಮಿಂದಲೂ ಒಂದು ಬೇಡಿಕೆ ಇದೆ. ಇಂಥ ಹಾಳೆಗಳಿಗೆ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಒಂದು ಸಣ್ಣ ಜಾಗ ಕೊಡಿ, ಅಡಿಕೆ ಧಾರಣೆಯ ಪಕ್ಕದಲ್ಲಾದರೂ ಸರಿ. ಧಾರಣೆ ಎಲ್ಲರೂ ನೋಡುತ್ತಾರೆ, ಹಾಗೇ ಇದೂ ಕಣ್ಣಿಗೆ ಬೀಳುತ್ತದೆ.

ಹುಡುಗಿ ಹೊರಡುವಾಗ ಸಂಜೆ ಐದಾಗಿತ್ತು. ಅರ್ಧ ಒಣಗಿದ ಹಪ್ಪಳವನ್ನೇ ಒಂದು ಕಟ್ಟು ಕೊಟ್ಟೆ, ಮನೆಯಲ್ಲಿ ಇನ್ನೆರಡು ಬಿಸಿಲು ತೋರಿಸು ಅಂದೆ. "ಗೌರಿ ಹಬ್ಬದ ಹೊತ್ತಿಗೆ ಲೆಕ್ಕ ಎಲ್ಲ ಮುಗಿದಿರುತ್ತೆ ಆಂಟಿ, ಖಂಡಿತ ಬಂದು ಹೇಳ್ತೀನಿ" ಅಂದಿದ್ದಾಳೆ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗೌರಿ ಹಬ್ಬದ ಮಾರನೇ ವಾರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅವಳು ಬಂದರೆ ಅವಳು ಹೇಳಿದ್ದನ್ನು ನಿಮಗೆ ಬರೆದು ಕಳಿಸುತ್ತೇನೆ. ಬರದಿದ್ದರೆ, ಅವಳ ಅಜ್ಜಿ ಮನೆ ನನಗೆ ಗೊತ್ತು.

ಇತಿ,
ಒಬ್ಬ ನಿವೃತ್ತ ಸಿಸ್ಟರ್
ತೀರ್ಥಹಳ್ಳಿ ತಾಲ್ಲೂಕು